ನಡಿಗೆ, ನೋಟ, ನವೀಕರಣ: ಬಯಲು ಕಲಾಪಥದ ಪರಿಕಲ್ಪನೆಗೆ ಒಂದು ಜಾನಪದೀಯ ವಿಮರ್ಶೆ

ಪೀಠಿಕೆ

ಕಲಾಕೃತಿಗಳನ್ನು ಸಂಗ್ರಹಾಲಯದ ಗೋಡೆಗಳಿಂದ ಬಿಡಿಸಿ ಬಯಲಿಗೆ ತಂದು, ನಿರ್ದಿಷ್ಟ ದಾರಿಯೊಂದರ ಉದ್ದಕ್ಕೂ ನಿಲ್ಲಿಸಿ, ಜನರು ನಡೆಯುತ್ತ ನೋಡುವಂತೆ ಮಾಡುವ ಪ್ರಯತ್ನಗಳು ಇಪ್ಪತ್ತನೆಯ ಶತಮಾನದ ಕೊನೆಯ ದಶಕದಿಂದೀಚೆಗೆ ಜಗತ್ತಿನ ಅನೇಕ ಕಡಲತೀರಗಳಲ್ಲಿ ನಡೆದಿವೆ. ಇಂಥ ವ್ಯವಸ್ಥೆಯನ್ನು ಪ್ರಸ್ತುತ ಪ್ರಬಂಧದಲ್ಲಿ 'ಬಯಲು ಕಲಾಪಥ' ಎಂದು ಕರೆಯಲಾಗಿದೆ. ಕಲಾವಿಮರ್ಶೆಯು ಈ ಪಥಗಳನ್ನು ಅವುಗಳಲ್ಲಿನ ಬಿಡಿ ಕೃತಿಗಳ ಗುಣದಿಂದ ಅಳೆಯುತ್ತದೆ. ಪ್ರವಾಸೋದ್ಯಮವು ಬಂದುಹೋದ ಜನರ ಸಂಖ್ಯೆಯಿಂದ ಅಳೆಯುತ್ತದೆ. ಎರಡೂ ಅಳತೆಗಳಲ್ಲಿ ದಾರಿ ಎಂಬುದು ಕೃತಿಯಿಂದ ಕೃತಿಗೆ ತಲುಪಿಸುವ ಸಾಧನವಾಗಿ ಮಾತ್ರ ಉಳಿಯುತ್ತದೆ.

ಜಾನಪದ ಅಧ್ಯಯನದ ದೃಷ್ಟಿ ಇಲ್ಲಿ ಭಿನ್ನವಾಗಬೇಕಾಗುತ್ತದೆ. ಕನ್ನಡದಲ್ಲಿ 'ನಡೆ' ಎಂಬ ಧಾತುವಿನಿಂದಲೇ ನಡತೆ, ನಡವಳಿಕೆ, ನಡಾವಳಿ ಎಂಬ ಪದಗಳು ಹುಟ್ಟಿವೆ. ತುಳುನಾಡಿನಲ್ಲಿ ದೈವಸ್ಥಾನದ ನಿಯತಕಾಲಿಕ ಆಚರಣೆಗೆ 'ನಡಾವಳಿ' ಎಂಬ ಹೆಸರೇ ಬಳಕೆಯಲ್ಲಿದೆ. ನಡೆಯುವುದು, ನಡೆಸಿಕೊಂಡು ಬರುವುದು, ನಡತೆಯಾಗಿ ಉಳಿಯುವುದು, ಈ ಮೂರೂ ಒಂದೇ ಪದಕುಟುಂಬದಲ್ಲಿರುವುದು ಕಾಕತಾಳೀಯವೆನಿಸುವುದಿಲ್ಲ. ಈ ಹಿನ್ನೆಲೆಯಲ್ಲಿ ಬಯಲು ಕಲಾಪಥವನ್ನು ಮೂರು ಪ್ರಶ್ನೆಗಳ ಮೂಲಕ ಪರಿಶೀಲಿಸಬಹುದು. ಒಂದು, ಈ ದಾರಿಯಲ್ಲಿ ಯಾರು ನಡೆಯುತ್ತಾರೆ, ಯಾವ ಕಾರಣಕ್ಕೆ? ಎರಡು, ದಾರಿಯ ಬದಿಯ ಕೃತಿಯನ್ನು ಕಾಲಕಾಲಕ್ಕೆ ಯಾರು ನವೀಕರಿಸುತ್ತಾರೆ? ಮೂರು, ದಾರಿಯಿಂದ ಬೇರ್ಪಟ್ಟಾಗ ಆ ಕೃತಿಗೆ ಏನಾಗುತ್ತದೆ? ಕರಾವಳಿಯ ಭೂತಸ್ಥಾನಗಳನ್ನೂ ಬೀದರ ಸಮೀಪದ ಅಷ್ಟೂರಿನ ದಾರಿಯನ್ನೂ ಈ ಪ್ರಶ್ನೆಗಳ ಬೆಳಕಿನಲ್ಲಿ ನೋಡುವುದು ಪ್ರಬಂಧದ ಉದ್ದೇಶವಾಗಿದೆ.

ಆಧುನಿಕ ಕಲಾಪಥಗಳ ಸ್ವರೂಪ

ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ 1997ರಲ್ಲಿ ಡೇವಿಡ್ ಹ್ಯಾಂಡ್ಲಿ ಆರಂಭಿಸಿದ 'ಸ್ಕಲ್ಪ್ಚರ್ ಬೈ ದ ಸೀ' ಪ್ರದರ್ಶನವು ಈ ಪ್ರಕಾರದ ಪ್ರಸಿದ್ಧ ನಿದರ್ಶನ. ಬಾಂಡೈ ಕಡಲತೀರದಿಂದ ತಮರಾಮದವರೆಗಿನ ಸುಮಾರು 2 ಕಿ.ಮೀ. ಉದ್ದದ ಬಂಡೆಗಲ್ಲಿನ ಕಾಲುದಾರಿ ಈ ಪ್ರದರ್ಶನದ ನೆಲೆ. ಆಗಿನ ಚೆಕೊಸ್ಲೊವಾಕಿಯದಲ್ಲಿ ಪಾಳುಬಿದ್ದ ಕಟ್ಟಡಗಳ ನಡುವೆ ಕಂಡ ಶಿಲ್ಪೋದ್ಯಾನವೊಂದು ಇದಕ್ಕೆ ಪ್ರೇರಣೆಯಾಯಿತು. ಕೆಲವೇ ವಾರ ಕೃತಿಗಳು ಅಲ್ಲಿರುತ್ತವೆ, ಅನಂತರ ತೆರವಾಗುತ್ತವೆ. ಕೃತಿಗಳು ಹೋದ ಮೇಲೂ ದಾರಿ ಇದ್ದೇ ಇರುತ್ತದೆ, ಆದರೆ ಅದಕ್ಕೆ ಆ ಕೃತಿಗಳ ನೆನಪನ್ನು ಕಾಯ್ದಿಡುವ ಹೊಣೆ ಇರುವುದಿಲ್ಲ.

ಇಂಗ್ಲೆಂಡಿನ ಲಿವರ್‌ಪೂಲ್ ಸಮೀಪದ ಕ್ರಾಸ್ಬಿ ತೀರದಲ್ಲಿ ಆಂಟನಿ ಗಾರ್ಮ್ಲಿ ನಿಲ್ಲಿಸಿದ 'ಅನದರ್ ಪ್ಲೇಸ್' ಎಂಬ ಕೃತಿಯ ಸ್ವರೂಪ ಬೇರೆ. ಕಲಾವಿದನ ದೇಹದ ಅಚ್ಚಿನಿಂದ ಎರಕಹೊಯ್ದ 100 ಕಬ್ಬಿಣದ ಆಕೃತಿಗಳು ಸುಮಾರು 3 ಕಿ.ಮೀ. ಮರಳಿನ ಮೇಲೆ ಕಡಲಿಗೆ ಮುಖಮಾಡಿ ನಿಂತಿವೆ. 1997ರಲ್ಲಿ ಜರ್ಮನಿಯ ಕುಕ್ಸ್‌ಹಾಫೆನ್ ತೀರದಲ್ಲಿ ಮೊದಲು ಪ್ರದರ್ಶಿತವಾದ ಇವು 2005ರಲ್ಲಿ ಕ್ರಾಸ್ಬಿಗೆ ಬಂದವು. ಅಲ್ಲಿಯೂ ತಾತ್ಕಾಲಿಕವಾಗಿದ್ದ ಇವುಗಳನ್ನು ಶಾಶ್ವತವಾಗಿ ಉಳಿಸಿಕೊಳ್ಳುವ ತೀರ್ಮಾನ 2007ರಲ್ಲಿ ಆಯಿತು. ಭರತ ಬಂದಾಗ ಆಕೃತಿಗಳು ಮುಳುಗುತ್ತವೆ, ಇಳಿತದಲ್ಲಿ ಮತ್ತೆ ಕಾಣುತ್ತವೆ. ತುಕ್ಕೂ ಚಿಪ್ಪುಜೀವಿಗಳೂ ಅವುಗಳ ಮೈಯನ್ನು ಬದಲಿಸುತ್ತ ಹೋಗುತ್ತವೆ. ಇಲ್ಲಿ ಕೃತಿಯನ್ನು ಬದಲಿಸುವ ಕೆಲಸವನ್ನು ಸಮುದಾಯದ ಬದಲು ಸಮುದ್ರ ಮಾಡುತ್ತದೆ.

ಜಪಾನಿನ ಸೆತೊ ಒಳನಾಡ ಸಮುದ್ರದ ದ್ವೀಪಗಳಲ್ಲಿ 2010ರಿಂದ ಮೂರು ವರ್ಷಗಳಿಗೊಮ್ಮೆ ನಡೆಯುವ ಸೆತೊಉಚಿ ಕಲೋತ್ಸವವು ಮೂರನೆಯ ಮಾದರಿ. ಯುವಜನರು ನಗರ ಸೇರಿ ಬರಿದಾಗುತ್ತಿರುವ ದ್ವೀಪಗಳಿಗೆ ಜನಸಂಪರ್ಕವನ್ನು ಮರಳಿ ತರುವುದು ಅದರ ಘೋಷಿತ ಉದ್ದೇಶಗಳಲ್ಲಿ ಒಂದು. ನೋಡುಗರು ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗಿ, ಪಾಳುಮನೆಗಳಲ್ಲಿಯೂ ಹೊಲಗಳ ಅಂಚಿನಲ್ಲಿಯೂ ಇರುವ ಕೃತಿಗಳನ್ನು ನೋಡುತ್ತಾರೆ. ಕೃತಿಗಿಂತ ಊರಿನ ಬದುಕು ಮುಖ್ಯವಾಗಬೇಕೆಂಬ ಅರಿವು ಈ ಮಾದರಿಯಲ್ಲಿದೆ.

ಈ ಮೂರರಲ್ಲಿ ಸಮಾನವಾಗಿ ಕಾಣುವ ಅಂಶವೆಂದರೆ ನಡೆಯುವವನ ಸ್ವಾತಂತ್ರ್ಯ. ಅವನು ಬರಬಹುದು, ಬಾರದೆಯೂ ಇರಬಹುದು. ಅವನ ಬರವು ತಪ್ಪಿದರೆ ಕೃತಿಗೆ ನೋಡುಗನೊಬ್ಬ ಕಡಿಮೆಯಾಗುತ್ತಾನೆಯೇ ಹೊರತು ಯಾವ ಕಟ್ಟಳೆಯೂ ಮುರಿಯುವುದಿಲ್ಲ. ಈ ಸ್ವಾತಂತ್ರ್ಯ ಆಧುನಿಕ ಕಲಾಪಥದ ಬಲವೂ ಹೌದು, ಮಿತಿಯೂ ಹೌದು. ಇದನ್ನು ಸ್ಪಷ್ಟಪಡಿಸಿಕೊಳ್ಳಲು ಕರ್ನಾಟಕದ ಕರಾವಳಿಯತ್ತ ನೋಡಬೇಕಾಗುತ್ತದೆ.

ಕರಾವಳಿಯ ದೈವಗಳ ದಾರಿ

ತುಳುನಾಡಿನ ಪಾಡ್ದನಗಳನ್ನು ಕಥನಗೀತೆಗಳೆಂದು ಗುರುತಿಸುವುದು ರೂಢಿ. ಎ.ಸಿ. ಬರ್ನೆಲ್ ಅವರ ಸಂಗ್ರಹವು 'ಇಂಡಿಯನ್ ಆ್ಯಂಟಿಕ್ವರಿ'ಯಲ್ಲಿ 1890ರ ದಶಕದಲ್ಲಿ ಪ್ರಕಟವಾದಂದಿನಿಂದ, ಬಿ.ಎ. ವಿವೇಕ ರೈ ಅವರ 'ತುಳು ಜನಪದ ಸಾಹಿತ್ಯ' ಹಾಗೂ ಕೆ. ಚಿನ್ನಪ್ಪ ಗೌಡ ಅವರ 'ಭೂತಾರಾಧನೆ' ಅಧ್ಯಯನಗಳವರೆಗೆ ಪಾಡ್ದನಗಳ ವಸ್ತು, ಪಠ್ಯ ಹಾಗೂ ಪ್ರದರ್ಶನದ ಬಗ್ಗೆ ಗಣನೀಯ ಕೆಲಸ ನಡೆದಿದೆ. ಪ್ರಸ್ತುತ ಚರ್ಚೆಗೆ ಮುಖ್ಯವಾದುದು ಅವುಗಳ ಇನ್ನೊಂದು ಗುಣ. ಅನೇಕ ಪಾಡ್ದನಗಳಲ್ಲಿ ದೈವವು ಒಂದು ನೆಲೆಯಲ್ಲಿ ಹುಟ್ಟಿ, ಘಟ್ಟ ಇಳಿದು ಅಥವಾ ಕಡಲು ದಾಟಿ, ಊರಿಂದೂರಿಗೆ ಸಾಗಿ, ಹೋದಲ್ಲೆಲ್ಲ ಒಂದು ಮನೆತನವನ್ನೋ ಮರವನ್ನೋ ಕಲ್ಲನ್ನೋ ಹಿಡಿದು ನೆಲೆಯೂರುತ್ತದೆ. ಕಥೆಯ ಮುನ್ನಡೆ ಸ್ಥಳನಾಮಗಳ ಮುನ್ನಡೆಯಾಗಿರುತ್ತದೆ. ಆದ್ದರಿಂದ ಪಾಡ್ದನವನ್ನು ಬಾಯಿಮಾತಿನಲ್ಲಿ ಉಳಿದ ದಾರಿಯ ನಕ್ಷೆ ಎಂದೂ ಓದಬಹುದು.

ಕಡಲತೀರಕ್ಕೆ ಸಂಬಂಧಿಸಿದಂತೆ ಬೊಬ್ಬರ್ಯನ ನಿದರ್ಶನ ಗಮನಾರ್ಹ. ಮೊಗವೀರ ಸಮುದಾಯದ ವಸತಿಗಳಿರುವ ಕಡೆಗಳಲ್ಲಿ ಬೊಬ್ಬರ್ಯನ ಗುಡಿಗಳು ತೀರದ ಉದ್ದಕ್ಕೂ ಹರಡಿವೆ. ಪಾಡ್ದನದ ಪಾಠಗಳು ಪರಸ್ಪರ ಭಿನ್ನವಾಗಿದ್ದರೂ, ಮುಸ್ಲಿಂ ವ್ಯಾಪಾರಿ ಮೂಲದ ತಂದೆ, ಜೈನ ಮೂಲದ ತಾಯಿ, ಕಡಲ ವ್ಯಾಪಾರ, ಮರಣಾನಂತರದ ದೈವತ್ವ ಎಂಬ ಅಂಶಗಳು ಪ್ರಚಲಿತ ಪಾಠಗಳಲ್ಲಿ ಕಾಣಿಸುತ್ತವೆ. ಕಡಲಿಗೆ ಇಳಿಯುವವರ ರಕ್ಷಕನಾಗಿ ಅವನು ಪೂಜೆಗೊಳ್ಳುತ್ತಾನೆ. ಬೊಬ್ಬರ್ಯನ ಗುಡಿಗಳನ್ನು ಒಂದೊಂದಾಗಿ ನೋಡಿದರೆ ಅವು ಸಣ್ಣ ಆರಾಧನಾ ನೆಲೆಗಳು. ಒಂದು ಸಾಲಾಗಿ ನೋಡಿದರೆ ಕಡಲಿನೊಂದಿಗೆ ಬದುಕಿದ ಜನರ ಭಯ, ವ್ಯಾಪಾರ, ಬೆರಕೆಯ ಚರಿತ್ರೆಯನ್ನು ತೀರದ ಮೇಲೆ ಗುರುತು ಹಾಕಿದಂತೆ ತೋರುತ್ತವೆ. ಈ ಸಾಲನ್ನು ಯಾವ ಸಂಯೋಜಕನೂ ಯೋಜಿಸಲಿಲ್ಲ. ಮೀನುಗಾರಿಕೆಯ ಬದುಕು ಎಲ್ಲೆಲ್ಲಿ ನೆಲೆನಿಂತಿತೋ ಅಲ್ಲೆಲ್ಲ ಗುಡಿ ನಿಂತಿತು.

ದೈವಾರಾಧನೆಯಲ್ಲಿ ದಾರಿಯ ಮಹತ್ವ 'ಭಂಡಾರ'ದ ಪರಿಕಲ್ಪನೆಯಲ್ಲಿ ಇನ್ನಷ್ಟು ಖಚಿತವಾಗುತ್ತದೆ. ದೈವದ ಮೊಗ, ಖಡ್ಸಲೆ, ಗಂಟೆ, ಆಭರಣ ಮೊದಲಾದವು ವರ್ಷದ ಬಹುಪಾಲು ಭಂಡಾರದ ಮನೆಯಲ್ಲಿರುತ್ತವೆ. ನೇಮದ ದಿನ ಅವು ಮೆರವಣಿಗೆಯಲ್ಲಿ ಹೊರಟು, ಗದ್ದೆ ಬಯಲು ದಾಟಿ, ನೇಮದ ಕಳಕ್ಕೆ ಬರುತ್ತವೆ. ಆಚರಣೆ ಮುಗಿದ ಮೇಲೆ ಅದೇ ದಾರಿಯಲ್ಲಿ ಮರಳುತ್ತವೆ. ಭಂಡಾರವನ್ನು ಯಾರು ಹೊರಬೇಕು, ಪಂಜನ್ನು ಯಾರು ಹಿಡಿಯಬೇಕು, ಎಲ್ಲಿ ನಿಲ್ಲಬೇಕು, ಯಾವ ಮನೆಯವರು ಎದುರುಗೊಳ್ಳಬೇಕು ಎಂಬುದೆಲ್ಲ ಕಟ್ಟಳೆಯಿಂದ ನಿಗದಿಯಾಗಿರುತ್ತದೆ. ಕಂಚಿನ ಮೊಗವನ್ನು ಕಲಾಕೃತಿಯೆಂದು ಬಣ್ಣಿಸುವುದು ತಪ್ಪಲ್ಲ. ಆದರೆ ನೋಡುವವರಿಗೆ ಅದು ಸದಾ ಸಿಗುವುದಿಲ್ಲ. ಅದು ದಾರಿಗಿಳಿದ ದಿನ ಮಾತ್ರ, ಪಂಬದ, ಪರವ ಅಥವಾ ನಲಿಕೆ ಸಮುದಾಯದ ಕಲಾವಿದನ ಮುಖದ ಮೇಲೆ, ತೆಂಗಿನ ತಿರಿಯ ಸಿರಿ, ಬಣ್ಣ, ಗಗ್ಗರದ ಸದ್ದುಗಳ ನಡುವೆ ಪೂರ್ಣವಾಗುತ್ತದೆ.

ದಾರಿಯಿಂದ ಬೇರ್ಪಟ್ಟ ಕೃತಿ: ಮೆಕ್ಕೆಕಟ್ಟು

ಉಡುಪಿ ಜಿಲ್ಲೆಯ ಶಿರಿಯಾರ ಸಮೀಪದ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನವು ಮರದ ಬೃಹತ್ ಭೂತಮೂರ್ತಿಗಳಿಗೆ ಹೆಸರಾದುದು. ಕೆಂಪು ಪ್ರಧಾನವಾದ ಗಾಢ ಬಣ್ಣ, ಅಗಲವಾಗಿ ತೆರೆದ ಕಣ್ಣು, ಮನುಷ್ಯ ಪ್ರಮಾಣವನ್ನು ಮೀರಿದ ನಿಲುವು, ವಾಹನದ ಮೇಲೆಯೋ ಪರಿವಾರದ ನಡುವೆಯೋ ಇರುವ ಆಕೃತಿಗಳ ದಟ್ಟಣೆ ಈ ಸಂಪ್ರದಾಯದ ಲಕ್ಷಣಗಳು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿನ ಹಳೆಯ ಮೂರ್ತಿಗಳ ಸ್ಥಾನದಲ್ಲಿ ಹೊಸವು ಬಂದವು. ಹಳೆಯ ಮೂರ್ತಿಗಳಲ್ಲಿ ಕೆಲವು ದೆಹಲಿಯ ರಾಷ್ಟ್ರೀಯ ಕರಕುಶಲ ಸಂಗ್ರಹಾಲಯವನ್ನು ಸೇರಿ, ಭಾರತದ ಜನಪದ ಶಿಲ್ಪದ ಮುಖ್ಯ ನಿದರ್ಶನಗಳಾಗಿ ಪ್ರಸಿದ್ಧವಾದವು.

ಈ ಘಟನೆಯನ್ನು ಎರಡು ಬಗೆಯಲ್ಲಿ ಓದಲು ಸಾಧ್ಯ. ಕಲಾಚರಿತ್ರೆಯ ದೃಷ್ಟಿಯಿಂದ ಹಳೆಯ ಮೂರ್ತಿಯೇ ಮೂಲಕೃತಿ, ಹೊಸದು ಅನುಕರಣೆ. ಆದ್ದರಿಂದ ಮೌಲ್ಯವು ದೆಹಲಿಗೆ ಹೋಯಿತು. ಆರಾಧಕ ಸಮುದಾಯದ ದೃಷ್ಟಿಯಲ್ಲಿ ಇದು ತಿರುವುಮುರುವಾಗುತ್ತದೆ. ಜೀರ್ಣವಾದ ಮೂರ್ತಿಯಿಂದ ಶಕ್ತಿಯನ್ನು ವಿಧಿಪೂರ್ವಕವಾಗಿ ಹಿಂತೆಗೆದು ಹೊಸ ಮೂರ್ತಿಗೆ ಆವಾಹಿಸಿದ ಬಳಿಕ ಹಳೆಯದು ಮರವಷ್ಟೇ. ಮೌಲ್ಯವು ಸ್ಥಳದಲ್ಲಿಯೇ ಉಳಿಯಿತು. ಸಂಗ್ರಹಾಲಯವು ಉಳಿಸಿದ್ದು ಆಕಾರವನ್ನು. ಮೆಕ್ಕೆಕಟ್ಟು ಉಳಿಸಿಕೊಂಡಿದ್ದು ಆಕಾರವನ್ನು ಮತ್ತೆ ಮತ್ತೆ ಹುಟ್ಟಿಸುವ ಹಕ್ಕನ್ನು.

ಸಂಗ್ರಹಾಲಯವನ್ನು ಖಂಡಿಸುವುದು ಇಲ್ಲಿನ ಉದ್ದೇಶವಲ್ಲ. ಅದು ಇಲ್ಲದಿದ್ದರೆ ಹಳೆಯ ಬಡಗಿಗಳ ಉಳಿಯ ಗುರುತು, ಬಣ್ಣದ ಪದರ, ಜೋಡಣೆಯ ಕ್ರಮ ಅಧ್ಯಯನಕ್ಕೆ ದೊರೆಯುತ್ತಿರಲಿಲ್ಲ. ಆದರೆ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳದೆ ಬರಿಯ 'ಹದಿನೆಂಟು, ಹತ್ತೊಂಬತ್ತನೆಯ ಶತಮಾನದ ಮರದ ಶಿಲ್ಪ' ಎಂಬ ವಿವರಣೆಯಿಂದ ತೃಪ್ತವಾದರೆ ವಿಮರ್ಶೆ ಅರ್ಧದಲ್ಲಿಯೇ ನಿಂತಂತಾಗುತ್ತದೆ. ಮೂರನೆಯ ಪ್ರಶ್ನೆಗೆ ಮೆಕ್ಕೆಕಟ್ಟು ಕೊಡುವ ಉತ್ತರ ಹೀಗಿದೆ: ದಾರಿಯಿಂದ ಬೇರ್ಪಟ್ಟ ಕೃತಿ ನಾಶವಾಗುವುದಿಲ್ಲ, ಆದರೆ ಅದರ ಕಾಲ ನಿಂತುಹೋಗುತ್ತದೆ.

ಇದೇ ಪ್ರಶ್ನೆಯನ್ನು ಕರ್ನಾಟಕದ ಆಧುನಿಕ ಬಯಲು ಸಂಗ್ರಹಗಳಿಗೂ ಕೇಳಬಹುದು. ಎಚ್.ಎಲ್. ನಾಗೇಗೌಡ ಅವರ ಪರಿಶ್ರಮದಿಂದ ರಾಮನಗರದ ಬಳಿ ರೂಪುಗೊಂಡ ಜಾನಪದ ಲೋಕ, ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯಲ್ಲಿ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಬೆಳೆದ ಉತ್ಸವ ರಾಕ್ ಗಾರ್ಡನ್, ಇವೆರಡೂ ಮರೆಯಾಗುತ್ತಿರುವ ಗ್ರಾಮಜೀವನವನ್ನು ಬಯಲಿನಲ್ಲಿ ಕಣ್ಣಿಗೆ ಕಟ್ಟುವ ದೊಡ್ಡ ಪ್ರಯತ್ನಗಳು. ಗೊಟಗೋಡಿಯಲ್ಲಿ ಉತ್ತುವವನು, ಮಜ್ಜಿಗೆ ಕಡೆಯುವವಳು, ಸಂತೆಗೆ ಹೊರಟವರು ಮನುಷ್ಯ ಪ್ರಮಾಣದಲ್ಲಿ ಎದುರಾಗುತ್ತಾರೆ. ಹಳ್ಳಿಯ ಒಂದು ಗಳಿಗೆಯನ್ನು ಹಿಡಿದಿಡುವ ಆ ಕೌಶಲ ಅಸಾಧಾರಣವಾದುದು. ಆದರೆ ಅಲ್ಲಿ ನಡೆಯುವವನು ನೋಡುಗ ಮಾತ್ರ, ನಡೆಯಬೇಕಾದವರು ಪ್ರತಿಮೆಗಳಾಗಿ ನಿಂತಿದ್ದಾರೆ. ಅದೇ ಗೊಟಗೋಡಿಯಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾದುದರಿಂದ, ನಿಂತ ಪ್ರತಿಮೆ ಹಾಗೂ ನಡೆಯುತ್ತಿರುವ ಪರಂಪರೆಗಳ ಸಂಬಂಧವನ್ನು ಪರಿಶೀಲಿಸಲು ಅಲ್ಲಿನ ಸಂಶೋಧಕರಿಗೆ ಹತ್ತಿರದಲ್ಲಿಯೇ ಒಂದು ಕ್ಷೇತ್ರ ಒದಗಿದೆ.

ಕೆಂಪುಕಲ್ಲಿನ ಎರಡು ಅಂಚುಗಳು

ಕರಾವಳಿಯಿಂದ ಬೀದರಕ್ಕೆ ಚರ್ಚೆಯನ್ನು ಒಯ್ಯಲು ಭೂಮಿಯೇ ಒಂದು ಆಧಾರ ಒದಗಿಸುತ್ತದೆ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರಂ ಪರಿಸರದಲ್ಲಿ ಕಂಡ, ಇಟ್ಟಿಗೆಯಂತೆ ಕತ್ತರಿಸಿ ಬಳಸುವ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಕರಾವಳಿಯಲ್ಲಿ ಮುರಕಲ್ಲು ಎನಿಸಿದ ಈ ಕೆಂಪುಕಲ್ಲೇ ಬೀದರ ಪ್ರಸ್ಥಭೂಮಿಯ ಮೇಲ್ಪದರವೂ ಆಗಿದೆ. ನಾಗಬನದ ಕಟ್ಟೆಗೂ ಬಹಮನಿ ಕೋಟೆಯ ಗೋಡೆಗೂ ಒಂದೇ ಜಾತಿಯ ಕಲ್ಲು ಒದಗಿದೆ. ಕಾಸರಗೋಡು ಹಾಗೂ ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಲಾಗಿ ಕೊರೆದ ಸುರಂಗಗಳಿರುವಂತೆ, ಬೀದರದ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ, ಅಂದರೆ ಕರೇಜ್, ಇದೇ ಕಲ್ಲಿನ ಗುಣವನ್ನು ನಂಬಿ ಹುಟ್ಟಿದೆ.

ಬೀದರಕ್ಕೆ ಕಡಲಿಲ್ಲ. ಆದರೆ ಸಮುದ್ರಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದ ಕೆಂಪು ನೆಲ ಥಟ್ಟನೆ ಮುಗಿದು ಕೆಳಗೆ ಕಪ್ಪು ಮಣ್ಣಿನ ಬಯಲು ಹಾಸಿಕೊಳ್ಳುವ ಕಡೆ, ನೆಲದ ಅಂಚಿನಲ್ಲಿ ನಿಂತ ಅನುಭವ ಇಲ್ಲಿಯೂ ಆಗುತ್ತದೆ. ಕೈಗಾರಿಕಾ ಪ್ರದೇಶವಾಗಿ ಬೆಳೆದ ಕೊಳಾರದಂಥ ಊರುಗಳಲ್ಲಿ ಹಳೆಯ ನೆಲದ ರೂಪ ಬಹಳ ಬದಲಾಗಿದೆ. ಹಳೆಯ ನಗರದಿಂದ ಪೂರ್ವಕ್ಕೆ ಇಳಿಯುವ ಅಷ್ಟೂರಿನ ದಾರಿಯಲ್ಲಿ ಅದನ್ನು ಇನ್ನೂ ಗುರುತಿಸಬಹುದು.

ಅಷ್ಟೂರಿನ ದಾರಿ

ಬಹಮನಿ ಸುಲ್ತಾನ ಅಹಮದ್ ಷಾ ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ತಂದನು. 1436ರಲ್ಲಿ ತೀರಿಕೊಂಡ ಅವನ ಗೋರಿ ನಗರದಿಂದ ಸುಮಾರು 3 ಕಿ.ಮೀ. ದೂರದ ಅಷ್ಟೂರಿನಲ್ಲಿದೆ. ಅನಂತರದ ಸುಲ್ತಾನರ ಗೋರಿಗಳೂ ಅದರ ಬಳಿಯೇ ಸಾಲಾಗಿ ನಿಂತವು. ದಾರಿಯಲ್ಲಿ ಮೊದಲು ಎದುರಾಗುವುದು ಹಜರತ್ ಖಲೀಲುಲ್ಲಾ ಅವರ ಚೌಖಂಡಿ. ಇವರು ಕಿರ್ಮಾನಿನ ಸೂಫಿ ಗುರು ಷಾ ನಿಅಮತುಲ್ಲಾ ಅವರ ಮಗ. ಅಷ್ಟಕೋನದ ಎರಡಂತಸ್ತಿನ ಆವರಣದೊಳಗೆ ಚೌಕಾಕಾರದ ಗೋರಿಮನೆಯನ್ನು ಇರಿಸಿದ ಈ ಕಟ್ಟಡದಲ್ಲಿ ಷಿರಾಜಿನ ಮುಘೀತ್ ಎಂಬ ಲಿಪಿಕಾರನ ಕೈಬರಹದ ಕೆತ್ತನೆ ಇದೆ.

ಅಹಮದ್ ಷಾನ ಗೋರಿಯ ಹೊರಮೈ ಸರಳವಾದುದು. ಒಳಗೆ ಗೋಡೆಯಿಂದ ಗುಮ್ಮಟದವರೆಗೆ ಚಿನ್ನ, ಕಡುಕೆಂಪು, ನೀಲಿ ಬಣ್ಣಗಳ ಬಳ್ಳಿ ಹಾಗೂ ಬರಹದ ಅಲಂಕಾರ ಹಬ್ಬಿದೆ. ಕಜ್ವೀನಿನ ಷುಕ್ರುಲ್ಲಾ ಎಂಬ ಚಿತ್ರಕಾರನ ಹೆಸರು ಅಲ್ಲಿ ದಾಖಲಾಗಿದೆ. ನಿಅಮತುಲ್ಲಾ ಅವರ ಪದ್ಯಗಳೂ ಸೂಫಿ ಗುರುಪರಂಪರೆಯ ಪಟ್ಟಿಯೂ ಬರಹದಲ್ಲಿವೆ. ಅಲ್ಲಾವುದ್ದೀನ್ ಅಹಮದನ ಗೋರಿಯ ಮುಂಭಾಗದಲ್ಲಿ ಬಣ್ಣದ ಹೆಂಚುಗಳ ಅವಶೇಷವಿದೆ. ಹುಮಾಯೂನನ ಗೋರಿಗೆ ಸಿಡಿಲು ಬಡಿದು ಗುಮ್ಮಟ ಸೀಳಿರುವುದರಿಂದ ಗೋಡೆಯ ಒಳರಚನೆಯೇ ಹೊರಗೆ ಕಾಣುತ್ತದೆ. ಕೊನೆಯ ಕಾಲದ ಸುಲ್ತಾನರ ಗೋರಿಗಳು ಚಿಕ್ಕವು, ಸಾಧಾರಣವಾದವು. ಒಂದರ ಬಳಿಕ ಒಂದನ್ನು ನೋಡುತ್ತ ಸಾಗುವವರಿಗೆ ವಂಶವೊಂದರ ಏಳುಬೀಳು ಕಟ್ಟಡಗಳ ಗಾತ್ರದಿಂದಲೇ ಅರ್ಥವಾಗುತ್ತದೆ. ಬಯಲು ಕಲಾಪಥದ ಯಾವ ವ್ಯಾಖ್ಯೆಗೂ ಈ ದಾರಿ ಸಲ್ಲುತ್ತದೆ.

ಆದರೆ ಅಷ್ಟೂರಿನ ವಿಶೇಷವು ಕಟ್ಟಡಗಳಲ್ಲಿಯೇ ಮುಗಿಯುವುದಿಲ್ಲ. ಬರಗಾಲದಲ್ಲಿ ಅಹಮದ್ ಷಾ ದಿನ್ನೆಯೊಂದರ ಮೇಲೆ ನಿಂತು ಪ್ರಾರ್ಥಿಸಿ ಮಳೆ ಬರಿಸಿದನೆಂಬ, ಅದರಿಂದ 'ವಲಿ' ಎನಿಸಿಕೊಂಡನೆಂಬ ಕಥೆ ಚರಿತ್ರಕಾರರ ಬರಹದಲ್ಲಿಯೂ ಜನರ ನಾಲಿಗೆಯಲ್ಲಿಯೂ ಉಳಿದಿದೆ. ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ರಾಜನೊಬ್ಬ ಸಂತನಾಗಲು ಇದಕ್ಕಿಂತ ಹತ್ತಿರದ ದಾರಿ ಇರಲಾರದು. ಲಿಂಗಾಯತ ಭಕ್ತರು ಅವನನ್ನು ಅಲ್ಲಮಪ್ರಭು ಎಂದು ನಡೆದುಕೊಳ್ಳುತ್ತಾರೆ. ವಾರ್ಷಿಕ ಉರುಸು ದೇಶೀಯ ಚಾಂದ್ರಮಾನವನ್ನು ಅನುಸರಿಸಿ ಹೋಳಿಯ ಆಸುಪಾಸಿನಲ್ಲಿ ನಡೆಯುತ್ತದೆ. ಕಲಬುರ್ಗಿ ಜಿಲ್ಲೆ ಆಳಂದ ತಾಲ್ಲೂಕಿನ ಮಾಡಿಯಾಳದ ಜಂಗಮರು ಪರಿವಾರದೊಂದಿಗೆ ಹೊರಟು ಅಷ್ಟೂರಿಗೆ ಬಂದು ಪೂಜೆ ಸಲ್ಲಿಸಿದ ಹೊರತು ಅದು ಪೂರ್ಣವೆನಿಸುವುದಿಲ್ಲ. ಜಿ. ಯಜ್ದಾನಿ ಅವರು 1947ರಲ್ಲಿ ಪ್ರಕಟವಾದ ಬೀದರ ಕುರಿತ ತಮ್ಮ ಗ್ರಂಥದಲ್ಲಿ, ಜಂಗಮರು ಗೋರಿಯ ಬಳಿ ಶಂಖ ಊದಿ, ತೆಂಗಿನಕಾಯಿ ಒಡೆದು, ಹೂ ಅರ್ಪಿಸುವುದನ್ನೂ ಅವರ ವೇಷದಲ್ಲಿ ಫಕೀರರ ಗುರುತುಗಳು ಬೆರೆತಿರುವುದನ್ನೂ ದಾಖಲಿಸಿದ್ದಾರೆ.

ಇಲ್ಲಿ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ. ನಡೆಯುವವರು ನೋಡಲು ಬಂದವರಲ್ಲ, ಬರಲೇಬೇಕಾದವರು. ಮಾಡಿಯಾಳದವರ ಬರವು ತಪ್ಪಿದರೆ ಅಷ್ಟೂರಿಗೆ ಪ್ರೇಕ್ಷಕರು ಕಡಿಮೆಯಾದಂತಾಗುವುದಿಲ್ಲ, ಉರುಸಿನ ಅಂಗವೇ ಊನವಾಗುತ್ತದೆ. ಷುಕ್ರುಲ್ಲಾನ ಚಿತ್ರವನ್ನು ಅವರು ಮತ್ತೆ ಬಳಿಯುವುದಿಲ್ಲ, ಪಾರಸಿ ಪದ್ಯಗಳನ್ನು ಓದುವುದಿಲ್ಲ. ಆದರೆ ಚಿತ್ರವಿರುವ ಕೋಣೆಯನ್ನು ವರ್ಷಕ್ಕೊಮ್ಮೆ ಜೀವಂತ ಸ್ಥಳವಾಗಿಸುತ್ತಾರೆ. ಕರಾವಳಿಯಲ್ಲಿ ಮೂರ್ತಿಯ ನವೀಕರಣವಾದರೆ ಅಷ್ಟೂರಿನಲ್ಲಿ ಸಂಬಂಧದ ನವೀಕರಣವಾಗುತ್ತದೆ. ಮೆಕ್ಕೆಕಟ್ಟಿನ ಹೊಸ ಮೂರ್ತಿಯೂ ಮಾಡಿಯಾಳದ ಮೆರವಣಿಗೆಯೂ ಮಾಡುವ ಕೆಲಸ ಒಂದೇ ಬಗೆಯದು.

ಹನ್ನೆರಡನೆಯ ಶತಮಾನದ ಅಲ್ಲಮನಿಗೂ ಹದಿನೈದನೆಯ ಶತಮಾನದ ಸುಲ್ತಾನನಿಗೂ ನಡುವೆ ಮುನ್ನೂರು ವರ್ಷಗಳ ಅಂತರವಿದೆ. ಚರಿತ್ರೆಯ ದೃಷ್ಟಿಯಲ್ಲಿ ಈ ಸಮೀಕರಣ ನಿಲ್ಲುವುದಿಲ್ಲ. ಜಾನಪದದ ದೃಷ್ಟಿಯಲ್ಲಿ ಅದನ್ನು ತಪ್ಪೆಂದು ತಿದ್ದುವುದರಿಂದ ಪ್ರಯೋಜನವೂ ಇಲ್ಲ. ಇಬ್ಬರು ಮಹನೀಯರನ್ನು ಒಂದು ಮಾಡಿದ್ದು ವಾದವಲ್ಲ, ಪೀಳಿಗೆಗಳ ನಡಿಗೆ. ಹಾಗೆಂದು ಜನಪದ ನಂಬಿಕೆಯನ್ನು ಚರಿತ್ರೆಯ ಪುರಾವೆಯಾಗಿಸುವುದೂ, ಚರಿತ್ರೆಯ ಪುರಾವೆಯಿಂದ ನಂಬಿಕೆಯನ್ನು ಅಳಿಸಹೊರಡುವುದೂ ಸಮಾನವಾಗಿ ಅಶಾಸ್ತ್ರೀಯ. ಒಂದು ಸ್ಥಳಕ್ಕೆ ಒಂದೇ ಹೆಸರು ಇರಬೇಕೆಂಬ ಹಟ ಗೆದ್ದರೆ ಅಷ್ಟೂರಿಗೆ ಸೇರುವ ದಾರಿಗಳಲ್ಲಿ ಒಂದು ಮುಚ್ಚುತ್ತದೆ. ಬೊಬ್ಬರ್ಯನ ತೀರದ ಗುಡಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಪರಂಪರೆಯ ದಾರಿಯ ಮಿತಿಗಳು

ಆಚರಣೆಯ ದಾರಿಯನ್ನು ಆದರ್ಶೀಕರಿಸಿ ಆಧುನಿಕ ಕಲಾಪಥವನ್ನು ಹೀಗಳೆಯುವುದು ಸುಲಭ. ಆದರೆ ಬಾಧ್ಯತೆ ಎಲ್ಲರಿಗೂ ಒಂದೇ ತೆರನಾಗಿ ಹಂಚಿಕೆಯಾಗಿಲ್ಲ ಎಂಬುದನ್ನು ಮರೆಯುವಂತಿಲ್ಲ. ಭೂತಾರಾಧನೆಯಲ್ಲಿ ದೈವವಾಗಿ ನಿಂತವನ ನುಡಿಗೆ ಗುತ್ತಿನ ಯಜಮಾನರೂ ಕೈಮುಗಿಯುತ್ತಾರೆ. ಬಣ್ಣ ಕಳಚಿದ ಮೇಲೆ ಅದೇ ಕಲಾವಿದ ಜಾತಿಶ್ರೇಣಿಯ ಕೆಳಗಿನ ಮೆಟ್ಟಿಲಿಗೆ ಮರಳಬೇಕಾಗಿ ಬಂದುದು ಈ ಪರಂಪರೆಯ ಚರಿತ್ರೆಯ ಭಾಗ. ಯಾರು ಎಲ್ಲಿಯವರೆಗೆ ಬರಬಹುದು, ಎಷ್ಟು ದೂರ ನಿಲ್ಲಬೇಕು ಎಂಬುದನ್ನೂ ಕಟ್ಟಳೆಯೇ ನಿರ್ಧರಿಸುತ್ತಿತ್ತು. ಆಧುನಿಕ ಕಲಾಪಥದಲ್ಲಿ ಯಾರೂ ಯಾರಿಂದಲೂ ದೂರ ನಿಲ್ಲಬೇಕಾಗಿಲ್ಲ. ನಡೆಯುವವನ ಸ್ವಾತಂತ್ರ್ಯವನ್ನು ಮೇಲೆ ಮಿತಿಯೆಂದು ಕರೆಯಲಾಯಿತು. ದಾರಿಯಿಂದ ಹೊರಗಿಡಲ್ಪಟ್ಟವರ ಕಡೆಯಿಂದ ನೋಡಿದರೆ ಅದು ಬಿಡುಗಡೆಯೇ ಸರಿ.

ಸಂರಕ್ಷಣೆಯ ಪ್ರಶ್ನೆಯೂ ಅಷ್ಟೇ ಕಠಿಣವಾದುದು. ದೀಪದ ಮಸಿ, ಜನಸಂದಣಿಯ ತೇವ, ಕೈಯ ಸ್ಪರ್ಶ ಭಿತ್ತಿಚಿತ್ರಕ್ಕೆ ಹಾನಿಕರ. ಅಷ್ಟೂರಿನ ಗೋರಿಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯು ರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯವನ್ನೂ ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯವನ್ನೂ ವಿಧಿಸಿದೆ. ಈ ಕಾಯ್ದೆ ಕಟ್ಟಡದ ಸುತ್ತಲಿನ ನೆಲವನ್ನು ಗುರುತಿಸುತ್ತದೆ, ಅಲ್ಲಿಗೆ ಬರುವ ದಾರಿಯನ್ನು ಗುರುತಿಸುವುದಿಲ್ಲ. 2014ರಲ್ಲಿ ದಖ್ಖನಿ ಸುಲ್ತಾನರ ಸ್ಮಾರಕಗಳ ಹೆಸರಿನಲ್ಲಿ ಬೀದರವು ಯುನೆಸ್ಕೊ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದಾಗಲೂ ಮುಖ್ಯ ಆಧಾರ ಕಟ್ಟಡಗಳೇ ಆಗಿದ್ದವು. ಕಲ್ಲಿಗೆ ಗಡಿ ಎಳೆಯುವುದು ಕಾಯ್ದೆಗೆ ಸಾಧ್ಯ. ಮಾಡಿಯಾಳದಿಂದ ಅಷ್ಟೂರಿನವರೆಗಿನ ಸಂಬಂಧವನ್ನು ಯಾವ ವಲಯದಲ್ಲಿ ಸೇರಿಸಬೇಕೆಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ.

ಉಪಸಂಹಾರ

ಮೇಲಿನ ಚರ್ಚೆಯಿಂದ ಹೊರಡುವ ಮುಖ್ಯ ನಿಲುವು ಹೀಗಿದೆ. ಬಯಲಿನಲ್ಲಿ ಕೃತಿಗಳನ್ನು ಸಾಲಾಗಿ ನಿಲ್ಲಿಸಿದ ಮಾತ್ರಕ್ಕೆ ಕಲಾಪಥವಾಗುವುದಿಲ್ಲ. ಆ ದಾರಿಯಲ್ಲಿ ಮರಳಿ ನಡೆಯುವ ಹೊಣೆ ಹೊತ್ತವರಿದ್ದಾಗ ಅದು ಪಥವಾಗುತ್ತದೆ. ಬಾಂಡೈ ತೀರದಲ್ಲಿ ಈ ಹೊಣೆ ಪ್ರದರ್ಶನದ ಆಯೋಜಕರದು, ಕ್ರಾಸ್ಬಿಯಲ್ಲಿ ಬಹುಪಾಲು ಸಮುದ್ರದ್ದು, ಸೆತೊಉಚಿಯಲ್ಲಿ ದ್ವೀಪವಾಸಿಗಳೊಂದಿಗೆ ಹಂಚಿಕೊಳ್ಳಬೇಕೆಂಬ ಹಂಬಲವಿದೆ. ತುಳುನಾಡಿನ ಭಂಡಾರದ ದಾರಿಯಲ್ಲಿಯೂ ಅಷ್ಟೂರಿನ ದಾರಿಯಲ್ಲಿಯೂ ಅದು ಸಮುದಾಯಗಳ ವಾಡಿಕೆಯಾಗಿ ನೆಲೆಯೂರಿದೆ. ಆಧುನಿಕ ಕಲಾಪಥವು ಈ ಹೊಣೆಯನ್ನು ಕಲಿಯಬೇಕಾಗಿದೆ, ಪರಂಪರೆಯ ದಾರಿಯು ಆಧುನಿಕ ಕಲಾಪಥದ ಮುಕ್ತ ಪ್ರವೇಶವನ್ನು ಕಲಿಯಬೇಕಾಗಿದೆ.

ಪಾರಂಪರಿಕ ನಡಿಗೆ, ಪ್ರವಾಸಿ ವೃತ್ತ ಎಂಬ ಹೆಸರಿನ ಯೋಜನೆಗಳು ನಾಡಿನಾದ್ಯಂತ ಹೆಚ್ಚುತ್ತಿರುವ ಸಂದರ್ಭದಲ್ಲಿ ಇದಕ್ಕೆ ಪ್ರಾಯೋಗಿಕ ಮಹತ್ವವೂ ಇದೆ. ಅಷ್ಟೂರಿನಲ್ಲಿ ಮೂರು ಕೆಲಸಗಳು ತುರ್ತಾಗಿ ಆಗಬೇಕು. ಮೊದಲನೆಯದಾಗಿ, ಮಾಡಿಯಾಳದಿಂದ ಅಷ್ಟೂರಿನವರೆಗಿನ ತಂಗುದಾಣಗಳು, ಹಾಡುಗಳು, ಸೇವೆಯ ಹಕ್ಕುಬಾಧ್ಯತೆಗಳನ್ನು ಎರಡೂ ಸಮುದಾಯಗಳ ಹಿರಿಯರ ಬಾಯಿಂದ ಕೇಳಿ ದಾಖಲಿಸಬೇಕು. ಎರಡನೆಯದಾಗಿ, ಚಿತ್ರವಿರುವ ಒಳಕೋಣೆಯನ್ನು ದೀಪದ ಮಸಿಯಿಂದ ಕಾಪಾಡುವ ಕ್ರಮಗಳನ್ನು ಉರುಸು ನಡೆಸುವವರೊಂದಿಗೆ ಕೂತು ರೂಪಿಸಬೇಕು. ಅವರನ್ನು ಹೊರಗಿಟ್ಟು ರೂಪಿಸಿದ ರಕ್ಷಣೆ ಗೋಡೆಯನ್ನು ಉಳಿಸಿ ಸ್ಥಳವನ್ನು ಕಳೆಯುತ್ತದೆ. ಮೂರನೆಯದಾಗಿ, ಸ್ಮಾರಕದ ಮುಂದಿನ ಫಲಕಗಳಲ್ಲಿ ಸುಲ್ತಾನನ ಆಳ್ವಿಕೆಯ ಜೊತೆಗೆ ಜಾತ್ರೆಯ ವಿವರವೂ, 'ವಲಿ' ಹಾಗೂ 'ಅಲ್ಲಮಪ್ರಭು' ಎಂಬ ಎರಡೂ ಹೆಸರುಗಳೂ ಇರಬೇಕು. ಮೆಕ್ಕೆಕಟ್ಟಿನ ಮೂರ್ತಿಗಳಿರುವ ಸಂಗ್ರಹಾಲಯದ ವಿವರಣೆಗೂ ಇದೇ ತತ್ತ್ವ ಸಲ್ಲುತ್ತದೆ. ಆ ಮೂರ್ತಿಗಳ ಸ್ಥಾನದಲ್ಲಿ ಇಂದು ಹೊಸ ಮೂರ್ತಿಗಳು ಪೂಜೆಗೊಳ್ಳುತ್ತಿವೆ ಎಂಬ ಒಂದು ವಾಕ್ಯ ಸೇರಿದರೆ ನೋಡುಗನಿಗೆ ಕೃತಿ ಬಂದ ದಾರಿ ಕಾಣುತ್ತದೆ.

ಜಾನಪದ ಸಂಶೋಧನೆಯು ದೀರ್ಘಕಾಲ ಪಠ್ಯವನ್ನೂ ವಸ್ತುವನ್ನೂ ಸಂಗ್ರಹಿಸಿದೆ. ಅವೆರಡನ್ನೂ ಹೊತ್ತು ಸಾಗಿದ ದಾರಿಗಳ ಸಂಗ್ರಹ ಇನ್ನೂ ಬಹುಮಟ್ಟಿಗೆ ಉಳಿದ ಕೆಲಸವಾಗಿದೆ. ರಸ್ತೆ ಅಗಲೀಕರಣ, ಬಡಾವಣೆ, ಕೈಗಾರಿಕೆಗಳಿಂದ ನೆಲದ ರೂಪ ಬದಲಾಗುತ್ತಿರುವ ಬೀದರದಂಥ ಪರಿಸರದಲ್ಲಿ ಈ ಕೆಲಸವನ್ನು ಮುಂದೂಡಲಾಗದು. ಕಟ್ಟಡವೊಂದು ಬಿದ್ದರೆ ಅದರ ಅಳತೆ ಕಡತದಲ್ಲಿ ಉಳಿದಿರುತ್ತದೆ. ನಡೆಯುವುದು ನಿಂತ ದಾರಿಯ ಅಳತೆ ಎಲ್ಲಿಯೂ ಉಳಿಯುವುದಿಲ್ಲ.